ಹೆಸರು ಬರೆಯುವ ಜಾಗ

ಇನ್ವರ್ಕಾರ್ಗಿಲ್‌ನ ರಗ್ಬಿ ಕ್ಲಬ್ಬು, ಹಿಂಬದಿಯ ಕೋಣೆ.
ಗೋಡೆಯ ತುಂಬ ಗೆದ್ದವರ ಫೋಟೋ,
ಮೇಜಿನ ತುಂಬ ಸೋತ ಸಾಮಾನು:
ಹಿಡಿ ಸಡಿಲಾದ ಕೆಟಲ್, ಟೋಸ್ಟರ್, ಡ್ರಿಲ್ಲು,
ಇಲಿ ರುಚಿ ನೋಡಿ ಬಿಟ್ಟ ಉದ್ದನೆಯ ವೈರು.
ನಾವು ಏಳು ಜನ.
ಮಾಂಸದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ
ಇಪ್ಪತ್ತಾರು ವರ್ಷ ಚೂರಿ ಹಿಡಿದ ಕೈಗೆ
ಬೇರೇನಾದರೂ ಹಿಡಿಸಬೇಕಲ್ಲ,
ಯಾರೋ ಫೀಸು ಕಟ್ಟಿ ಕಳಿಸಿದ್ದರು.

"ಮೀಟರ್ ಮುಟ್ಟಬೇಡಿ," ಎಂದರು ನೋಯೆಲೀನ್ ಪ್ರಾಟ್ಲಿ,
"ಮೊದಲು ನೋಡಿ.
ನೋಡುವುದಕ್ಕೆ ಕರೆಂಟು ಬೇಡ, ಪುರುಸೊತ್ತು ಬೇಕು."

ನೋಡಿದೆವು. ಹಾಲಿನ ಡೈರಿಯ ಡಾನಿಲೋ
ವೈರನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ,
ಅದು ಏನಾದರೂ ಹೇಳೀತು ಎಂಬಂತೆ.
ನನ್ನ ಬೆರಳಿಗೆ ಕುರಿಯ ಕೀಲು ಗೊತ್ತು,
ಕತ್ತಲಲ್ಲೂ ಸಂದು ಸಿಗುತ್ತದೆ.
ಪ್ಲಗ್ಗಿನ ಕುತ್ತಿಗೆಯಲ್ಲಿ, ಕಪ್ಪು ಟೇಪಿನ ಅಡಿಯಲ್ಲಿ,
ಸಿಕ್ಕಿತು ಬಿರುಕು.
"ನೀನು ಯಾವ ಕೆಲಸದಲ್ಲಿದ್ದೆ?" ಎಂದರು. ಹೇಳಿದೆ.
"ಸರಿ ಹಾಗಾದರೆ," ಎಂದರು. ಅಷ್ಟೇ.

ಆಮೇಲೆ ಹಸಿರು ಹಳದಿ ಪಟ್ಟೆಯ ತಂತಿ, ನೆಲದ ತಂತಿ.
ಒಳಗಿನ ಸಿಟ್ಟು ಮೈಮೇಲೆ ಬಂದರೆ
ಇಳಿದು ಹೋಗಲು ಇದೊಂದು ದಾರಿ.
ದಾರಿ ತುಂಡಾಗಿದ್ದರೂ ಕೆಟಲ್ ನೀರು ಕಾಯಿಸುತ್ತದೆ,
ಟೀ ಆಗುತ್ತದೆ, ಸಕ್ಕರೆಯೂ ಸರಿಯಾಗಿರುತ್ತದೆ,
ಒಂದು ದಿನದ ತನಕ.
ನನ್ನ ತಾತ ನೆಲದ ಮಾತು ಬಂದರೆ ಟೋಪಿ ತೆಗೆಯುತ್ತಿದ್ದ.
ನಾನು ಮೀಟರಿನ ಮುಳ್ಳು ನೋಡುತ್ತ ಕೂತೆ.

ಮೂರು ಗಂಟೆಗೆ ಅವರು ಚೀಲದಿಂದ
ಇನ್ನೊಂದು ವೈರು ತೆಗೆದು ಕೈಯಿಂದ ಕೈಗೆ ಕೊಟ್ಟರು.
ನೀಲಿ ಟ್ಯಾಗ್. ಪಾಸ್. ತಾರೀಖು, ಸಹಿ, ಎಲ್ಲ ಇದೆ.
ಪ್ಲಗ್ಗಿನ ಮುಖ ಮಾತ್ರ ಸುಟ್ಟ ಬ್ರೆಡ್ಡು.
"ಈ ಟ್ಯಾಗ್ ಸುಳ್ಳು," ಎಂದರು.
"ಉಣ್ಣೆ ಕತ್ತರಿಸುವ ಶೆಡ್ಡು, ಶುಕ್ರವಾರ, ಸಂಜೆ ಐದು.
ಮೂವತ್ತೊಂಬತ್ತು ವೈರು ಪರೀಕ್ಷಿಸಿದ್ದಾಯಿತು.
ನಲವತ್ತನೆಯದೂ ಅವುಗಳ ಹಾಗೇ ಕಂಡಿತು."

ಯಾರೋ ಕುರ್ಚಿ ಎಳೆದರು. ಮತ್ತೆ ಸದ್ದಿಲ್ಲ.

"ಹುಡುಗ ಬದುಕಿದ. ಎಡಗೈ ಕಪ್ಪು ಹಿಡಿಯುವುದಿಲ್ಲ.
ಕ್ರಿಸ್ಮಸ್ಸಿಗೆ ಕಾರ್ಡು ಹಾಕುತ್ತಾನೆ, ಪ್ರತಿ ವರ್ಷ.
ಬೈದಿದ್ದರೆ ಸುಲಭವಿತ್ತು."

ವೈರು ನನ್ನ ಹತ್ತಿರ ಬಂದಾಗ ಸಹಿ ಓದಿದೆ:
ಎನ್. ಪ್ರಾಟ್ಲಿ. ಅವಸರದ ಬರಹ,
ಕೊನೆಯ ಅಕ್ಷರ ಬಾಲದಂತೆ ಎಳೆದದ್ದು.
ಯಾರೂ ಮುಖ ಎತ್ತಲಿಲ್ಲ. ಅವರೇ ಹೇಳಿದರು,
"ಟೀಗೆ ಮುಂಚೆ ಒಬ್ಬೊಬ್ಬರೂ ಒಂದೊಂದು ಮುಗಿಸಿ."

ನನ್ನ ಪಾಲಿಗೆ ಕ್ಲಬ್ಬಿನದೇ ಕೆಟಲ್.
ನೋಡಿದೆ. ಹಿಡಿಯ ಸ್ಕ್ರೂ ಬಿಗಿದು ಮತ್ತೆ ನೋಡಿದೆ.
ನೆಲಕ್ಕೆ ದಾರಿ ಇತ್ತು. ತೊಗಲು ಗಟ್ಟಿ ಇತ್ತು,
ಐನೂರು ವೋಲ್ಟು ತಳ್ಳಿದರೂ ಬೆವರಲಿಲ್ಲ.
ಟ್ಯಾಗ್ ತೆಗೆದುಕೊಂಡೆ. ಪೆನ್ನು.
ಹೆಸರು ಬರೆಯುವ ಜಾಗ ಹೆಬ್ಬೆರಳ ಉಗುರಿನಷ್ಟು.

ಕಾರ್ಖಾನೆಯಲ್ಲಿ ನಾನು ಮುನ್ನೂರ ಹದಿನೆಂಟು.
ಕಡಿದದ್ದು ನಾನು, ಮುದ್ರೆ ಬೇರೆಯವರದು.
ಕೆಟ್ಟರೂ ಕೆಡದಿದ್ದರೂ ಯಾರೂ ನನ್ನನ್ನು
ಹೆಸರು ಹಿಡಿದು ಹುಡುಕಿಕೊಂಡು ಬಂದದ್ದಿಲ್ಲ.

ಬರೆದೆ, ರಾವಿರಿ ಪೊಹಾತು, ಮೊಟಕು ಮಾಡದೆ.
ಪೊಹಾತು ಎಂದರೆ ನಮ್ಮಲ್ಲಿ ಕಲ್ಲು.
ಕಲ್ಲಿಗೆ ಜಾಗ ಸಾಲದೆ
ಕೊನೆಯ ಅಕ್ಷರ ಅಂಚಿನಿಂದ ಕೆಳಗೆ ಬಾಗಿತು.

ನೀರು ಕುದಿಯಿತು. ಒಂದು ಕ್ಷಣ
ಏಳು ಜನರಲ್ಲಿ ಯಾರೂ ಕೈ ಚಾಚಲಿಲ್ಲ.
ಆಮೇಲೆ ಡಾನಿಲೋ ಕೆಟಲ್ ಎತ್ತಿ, ನನ್ನನ್ನೇ ನೋಡುತ್ತ,
ತನ್ನ ಕಪ್ಪಿಗೆ ಬಗ್ಗಿಸಿಕೊಂಡ.

ನೋಯೆಲೀನ್ ಕನ್ನಡಕ ಏರಿಸಿ ಟ್ಯಾಗ್ ಓದಿದರು.
"ಮುಂದಿನ ಪರೀಕ್ಷೆ ಯಾವಾಗ? ತಾರೀಖು ಎಲ್ಲಿ?"
ಕಿತ್ತು ಕೊಟ್ಟರು.
ಇನ್ನೊಂದು ಟ್ಯಾಗ್ ತೆಗೆದು
ಮೊದಲಿನಿಂದ ಶುರು ಮಾಡಿದೆ.